ಆರನೇ ತಿಂಗಳ ಸಕ್ಕರೆ ನೀರು

ಹಂಗಳ
12 ಜೂನ್ 2024

ಮಗಳು ಮಧುಶ್ರೀಗೆ ಅವ್ವ ಗುರುಮಲ್ಲಮ್ಮ ಮಾಡುವ ಆಶೀರ್ವಾದ.

ಫೋನ್ ಮಾಡಿದರೆ ನೀನು ಅರಚುತ್ತೀಯ, ನಾನು 'ಆಂ, ಆಂ' ಅನ್ನುತ್ತೇನೆ, ಕೊನೆಗೆ ಇಬ್ಬರಿಗೂ ಸಿಟ್ಟು ಬರುತ್ತದೆ. ಈ ಕಿವಿಗೆ ಇನ್ನು ಫೋನು ಒಗ್ಗುವುದಿಲ್ಲ. ಆದರೆ ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ ಇನ್ನೂ ಗಟ್ಟಿಯಾಗಿದೆ. ಅದಕ್ಕೇ ಕಾಗದ. ಓದಿ ನಗಬೇಡ, ಉತ್ತರ ಬರಿ.

ನಿನ್ನ ತಮ್ಮ ಸಾಗರನ ಹೆಂಡತಿ ರತ್ನಳಿಗೆ ಮೂರು ತಿಂಗಳು ತುಂಬುತ್ತಾ ಬಂತು. ಮದುವೆಯಾಗಿ ಆರು ವರ್ಷ ಆ ಹುಡುಗಿ ಎಷ್ಟು ಮಾತು ಕೇಳಿದಳೋ ನನಗೆ ಗೊತ್ತು. ನಾಮಕರಣ, ತೊಟ್ಟಿಲು ಅಂತ ಯಾರಾದರೂ ಕರೆಯಲು ಬಂದರೆ ಹಿತ್ತಲಿಗೆ ಹೋಗಿ ಪಾತ್ರೆ ಉಜ್ಜುತ್ತಾ ಕೂರುತ್ತಿದ್ದಳು. ಈಗ ಅವಳ ಮುಖ ನೋಡಲು ಎರಡು ಕಣ್ಣು ಸಾಲದು. ಈ ಕೂಸು ನೆಟ್ಟಗೆ ಕೈಗೆ ಬಂದರೆ ನನಗೆ ಬೇರೇನೂ ಬೇಡ, ಮಾದಪ್ಪನ ಬೆಟ್ಟಕ್ಕೆ ನಡೆದೇ ಹೋಗುತ್ತೇನೆ.

ಹೋದ ವಾರ ಸಾಗರ್ ಅವಳನ್ನು ಸ್ಕ್ಯಾನಿಂಗ್‌ಗೆಂದು ಚಾಮರಾಜನಗರಕ್ಕೆ ಕರೆದುಕೊಂಡು ಬಂದಾಗ ನಿಮ್ಮ ಲ್ಯಾಬಿನವರು ಬೇರೆಯಾಗಿ ರಕ್ತ ತೆಗೆದುಕೊಂಡರಂತೆ. ಯಾಕೆ ಅಂದರೆ, "ಅತ್ತಿಗೆ ಕೇಳುದ್ರು, ಕೊಟ್ಬುಟ್ಟೆ. ಅದೆಂತದೋ ಚೀಲ ನೋಡ್ತಾರಂತೆ" ಅನ್ನುತ್ತಾಳೆ. ರಕ್ತದಲ್ಲಿ ಎಂಥ ಚೀಲ? ಡೇರಿ ಮುಂದೆ ಹೆಂಗಸರು ನನ್ನನ್ನು ಕೇಳಿದರು. ಅಂಗನವಾಡಿ ಮೇಡಂ ಅನ್ನಿಸಿಕೊಂಡವಳು ಗೊತ್ತಿಲ್ಲ ಅನ್ನಲಾದೀತೇ. ನನಗೆ ತಿಳಿಯುವ ಹಾಗೆ ಬರಿ.

ನಿನ್ನ
ಅವ್ವ


ಚಾಮರಾಜನಗರ
20 ಜೂನ್ 2024

ಅವ್ವನಿಗೆ ಮಧು ಮಾಡುವ ನಮಸ್ಕಾರ.

ನಾನು ಅರಚುವುದಿಲ್ಲ, ನೀನು ಫೋನನ್ನು ತಲೆಕೆಳಗಾಗಿ ಹಿಡಿಯುತ್ತೀಯ. ಇರಲಿ, ಕಾಗದ ಬಂದದ್ದು ಖುಷಿಯಾಯಿತು.

ಚೀಲದ ವಿಷಯ ಹೇಳುತ್ತೇನೆ. ಮೈಯ ಜೀವಕೋಶಗಳು ರಕ್ತಕ್ಕೆ ಸಣ್ಣ ಸಣ್ಣ ಚೀಲಗಳನ್ನು ಬಿಡುತ್ತಾ ಇರುತ್ತವೆ. ಮಾಮೂಲಿ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣವು. ಹೆರಿಗೆ ಆದಮೇಲೆ ಬೀಳುತ್ತದಲ್ಲ ಮಾಸು, ಅದು ಕೂಡ ಬಸುರಿನ ಶುರುವಿನಿಂದಲೇ ತಾಯಿಯ ರಕ್ತಕ್ಕೆ ಇಂಥ ಚೀಲಗಳನ್ನು ಕಳಿಸುತ್ತದೆ. ಅವುಗಳ ಒಳಗೆ ಮೈಕ್ರೋ ಆರ್‌ಎನ್‌ಎ ಎಂಬ ಚೂರುಗಳಿರುತ್ತವೆ. ನೀನು ಹೆಲ್ಪರ್ ಕೈಯಲ್ಲಿ ಮನೆಮನೆಗೆ ಚೀಟಿ ಕಳಿಸುತ್ತಿದ್ದೆಯಲ್ಲ, ನಾಳೆ ಮಗುವನ್ನು ತೂಕಕ್ಕೆ ಕರೆತನ್ನಿ ಅಂತ, ಹಾಗೆ ಅಂದುಕೋ. ಚೀಟಿ ಮುಟ್ಟಿದ ಕಡೆ ಕೆಲಸದ ರೀತಿ ಕೊಂಚ ಬದಲಾಗುತ್ತದೆ.

ಕೆಲವು ಬಸುರಿಯರಲ್ಲಿ ಕೆಲವು ಬಗೆಯ ಚೀಟಿಗಳು ಅತಿಯಾಗಿ, ಇನ್ಸುಲಿನ್ ಹೇಳಿದ್ದನ್ನು ಮೈ ಕೇಳದ ಹಾಗೆ ಮಾಡುತ್ತವೆ ಎಂಬ ಅನುಮಾನವಿದೆ. ಆಗ ಸಕ್ಕರೆ ರಕ್ತದಲ್ಲೇ ಉಳಿದು ಮಗುವಿಗೆ ದಾಟುತ್ತದೆ. ಇದೇ ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆ. ಈಗ ಇದು ಗೊತ್ತಾಗುವುದು ಹೆಚ್ಚಾಗಿ ಆರನೇ ತಿಂಗಳಲ್ಲಿ, ಸಕ್ಕರೆ ನೀರು ಕುಡಿಸಿ ರಕ್ತ ನೋಡಿದಾಗ. ಮೂರನೇ ತಿಂಗಳಲ್ಲೇ ಈ ಚೀಲ ನೋಡಿ ಹೇಳಲು ಆಗುತ್ತದೆಯೇ ಎಂದು ನಾವು ಹುಡುಕುತ್ತಿದ್ದೇವೆ. ಆಗುತ್ತದೆ ಅಂತ ಇನ್ನೂ ಗೊತ್ತಿಲ್ಲ. ಡೇರಿ ಮುಂದೆ ಅದನ್ನೂ ಸೇರಿಸಿ ಹೇಳು.

ಮಧು


ಹಂಗಳ
18 ಜುಲೈ 2024

ಮಗಳು ಮಧುಗೆ ಆಶೀರ್ವಾದ.

ಹೇಳಿದೆ. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ಮೇಲುಬೀದಿ ಗುರುಸಿದ್ದಮ್ಮ ಮಾತ್ರ, "ಅಷ್ಟು ಸಣ್ಣ ಚೀಲುಕ್ಕೆ ಒಲಿಗೆ ಆಕೋರು ಯಾರವ್ವ?" ಅಂದಳು. ಮಗಳನ್ನು ಕೇಳಿ ಹೇಳುತ್ತೇನೆ ಅಂದೆ.

ಇಲ್ಲಿ ಸೂರ್ಯಕಾಂತಿ ಬಿಟ್ಟಿದೆ. ಕೇರಳದ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ, ಹೊಲದೊಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ರತ್ನ ಜಗಲಿಯಲ್ಲಿ ಕೂತು ಅವರ ಸೀರೆ ನೋಡುತ್ತಾಳೆ. ವಾಂತಿ ನಿಂತಿದೆ, ಊಟ ಸೇರುತ್ತಿದೆ. ನಾನು ಬೆಲ್ಲ ಹಾಕಿದ ರಾಗಿ ಹುರಿಹಿಟ್ಟು ದಿನಾ ಕಲಸಿ ಕೊಡುತ್ತೇನೆ. ಊರಿನ ಬಸುರಿಯರಿಗೆಲ್ಲ ಪುಷ್ಟಿ ಹಿಟ್ಟು ಹಂಚಿದವಳು ಸೊಸೆಯನ್ನು ಸೊರಗಿಸುತ್ತೇನೆಯೇ.

ಒಂದು ಮಾತು. ರತ್ನಳ ಚೀಲದಲ್ಲಿ ಏನಿದೆ ಅಂತ ನೀನು ನೋಡಿರುತ್ತೀಯ. ನನಗೊಬ್ಬಳಿಗೆ ಹೇಳು. ಯಾರಿಗೂ ಹೇಳುವುದಿಲ್ಲ.

ಅವ್ವ


ಚಾಮರಾಜನಗರ
9 ಆಗಸ್ಟ್ 2024

ಅವ್ವನಿಗೆ,

ನಿನಗೆ ಉತ್ತರ ಬರೆಯಲು ಹೆದರಿ ಇಷ್ಟು ದಿನ ಸುಮ್ಮನಿದ್ದೆ.

ನಮ್ಮಲ್ಲಿಗೆ ಬರುವ ರಕ್ತದ ಟ್ಯೂಬಿನ ಮೇಲೆ ಹೆಸರಿರುವುದಿಲ್ಲ, ನಂಬರ್ ಮತ್ತು ತಾಲ್ಲೂಕು ಮಾತ್ರ. ಯಾವುದು ಯಾರದು ಎಂಬ ಪಟ್ಟಿ ನಮ್ಮ ಲ್ಯಾಬಿನ ಹಿರಿಯ ಮೇಡಂ ಬೀರುವಿನಲ್ಲಿದೆ. ನಮಗೆ ಗೊತ್ತಾದರೆ ನಾವು ನೋಡುವ ಕಣ್ಣೇ ಬದಲಾಗುತ್ತದೆ ಅಂತ ಹಾಗೆ ಇಡುತ್ತಾರೆ. ನಮ್ಮ ಗುಂಡ್ಲುಪೇಟೆ ತಾಲ್ಲೂಕಿನವರ ಟ್ಯೂಬುಗಳಲ್ಲಿ ಕೆಲವಕ್ಕೆ ಆ ಚೀಟಿಗಳು ವಿಪರೀತ ಹೆಚ್ಚು ಬಂದಿವೆ. ಅವುಗಳಲ್ಲಿ ಒಂದು ರತ್ನಳದು ಇರಬಹುದು, ಇಲ್ಲದೆಯೂ ಇರಬಹುದು.

ಮೇಡಂ ಹತ್ತಿರ ಹೋಗಿ, ಒಂದೇ ಒಂದು ಹೆಸರು ನೋಡಿ ಹೇಳಿ ಎಂದು ಕೇಳಿಕೊಂಡೆ. "ತಿಳ್ಕೊಂಡು ಏನ್ಮಾಡ್ತೀಯಮ್ಮ? ಇದು ನಿಜಾನೋ ಸುಳ್ಳೋ ನಮಗೇ ಗೊತ್ತಿಲ್ಲ. ಆ ಹುಡುಗಿನ ಸುಮ್ನೆ ಹೆದರ್ಸಿ ಬಿಡ್ತೀಯ, ಅಷ್ಟೆ" ಅಂದರು. ಅವರು ಹೇಳಿದ್ದು ಸರಿ. ನಿಜವೋ ಸುಳ್ಳೋ ಗೊತ್ತಾಗಬೇಕಾದರೆ ಈ ಹೆಂಗಸರಿಗೆಲ್ಲ ಆರು ತಿಂಗಳು ತುಂಬಿ ಕಾಯಿಲೆ ಬರುತ್ತದೋ ಇಲ್ಲವೋ ನೋಡಬೇಕು. ಕಾಯಿಲೆ ಬರಲಿ ಎಂದು ಕಾಯುತ್ತಾ ಕೂತಿರುವ ಕೆಲಸ ನನ್ನದು. ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಅದಕ್ಕೇ ಕೈಮುಗಿದು ಕೇಳುತ್ತೇನೆ, ಆರನೇ ತಿಂಗಳ ಸಕ್ಕರೆ ಪರೀಕ್ಷೆಯನ್ನು ತಪ್ಪಿಸಬೇಡ. ಬೆಲ್ಲದ ಹುರಿಹಿಟ್ಟು ಸಾಕು. ತಾಯಿಯ ರಕ್ತದಲ್ಲಿ ಏರಿದ ಸಕ್ಕರೆಯೆಲ್ಲ ನೇರ ಮಗುವಿಗೆ ಹೋಗುತ್ತದೆ, ಹಾಗೆ ಹೋಗಬಾರದು. ಇದೊಂದನ್ನು ನೆನಪಿಟ್ಟುಕೋ.

ಮಧು


ಹಂಗಳ
14 ಸೆಪ್ಟೆಂಬರ್ 2024

ಮಗಳೇ,

ನಿನ್ನ ಕಾಗದ ಓದಿ ನನಗೆ ಎರಡು ದಿನ ಅನ್ನ ಸೇರಲಿಲ್ಲ. ಆದರೆ ಇನ್ನು ಚಿಂತೆ ಬೇಡ. ಮೊನ್ನೆ ರತ್ನಳನ್ನು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಗ್ಲೂಕೋಸ್ ಕಲಸಿದ ನೀರು ಕೊಟ್ಟರು, ಗ್ಲಾಸಿನ ತುಂಬ. ಬಾಯಿಗಿಟ್ಟರೆ ಹಲ್ಲು ಜುಮ್ಮೆನ್ನುವಷ್ಟು ಸಿಹಿ. ಎರಡು ಗಂಟೆ ಕೂರಿಸಿ ಆಮೇಲೆ ರಕ್ತ ತೆಗೆದರು. ನರ್ಸಮ್ಮ ಸಂಜೆಗೆ, "ಏನೂ ಇಲ್ಲ ಕಣಮ್ಮ, ಎಲ್ಲಾ ನಾರ್ಮಲ್ಲು" ಅಂದಳು. ತಾಯಿ ಕಾರ್ಡಿನಲ್ಲೂ ಹಾಗೇ ಬರೆದಿದ್ದಾಳೆ.

ಅಲ್ಲಿ ನಾನೂ ಕೊಂಚ ಜಾಣತನ ತೋರಿಸಿದೆ ಅನ್ನು. ನೀನು ಬಂದಾಗ ಹೇಳುತ್ತೇನೆ. ಅವ್ವ ಹತ್ತನೇ ಕ್ಲಾಸು ಅಂತ ಹಂಗಿಸುತ್ತೀಯಲ್ಲ.

ಇವತ್ತು ನಿಮ್ಮಪ್ಪ ಗುಂಡ್ಲುಪೇಟೆಯಿಂದ ಮಲ್ಲಿಗೆ ತಂದಿದ್ದರು. ರತ್ನ ಮುಡಿದುಕೊಂಡು ಓಡಾಡುತ್ತಿದ್ದಾಳೆ. ಮನೆ ಮನೆಯ ಹಾಗೆ ಇದೆ.

ಅವ್ವ


ಚಾಮರಾಜನಗರ
23 ಸೆಪ್ಟೆಂಬರ್ 2024

ಅವ್ವ,

ಕಾಗದ ಓದಿ ಲ್ಯಾಬಿನಲ್ಲೇ ಕುಣಿದೆ. ಜೊತೆಯವಳು ನನಗೆ ಹುಚ್ಚು ಹಿಡಿಯಿತೇ ಎಂದು ನೋಡಿದಳು.

ನಿನಗೊಂದು ತಮಾಷೆ ಹೇಳುತ್ತೇನೆ. ಚೀಟಿ ಹೆಚ್ಚಿದ್ದ ನಂಬರುಗಳಲ್ಲಿ ಹೆಚ್ಚಿನವರಿಗೆ ಸಕ್ಕರೆ ಬಂತು, ಒಂದಕ್ಕೆ ಮಾತ್ರ ಬರಲಿಲ್ಲ. ಅದೂ ಎಲ್ಲಕ್ಕಿಂತ ಹೆಚ್ಚು ಇದ್ದದ್ದು. ಮೇಡಂ ಮುಖ ಸಣ್ಣದು ಮಾಡಿಕೊಂಡಿದ್ದಾರೆ, ನಮ್ಮ ಲೆಕ್ಕ ಅಷ್ಟು ಗಟ್ಟಿಯಿಲ್ಲ ಅನ್ನುತ್ತಾರೆ. ನನಗೆ ಒಳಗೊಳಗೇ ಸಂತೋಷ. ಆ ನಂಬರ್ ರತ್ನಳದೇ ಆಗಿದ್ದರೆ ನನ್ನ ಸಂಶೋಧನೆ ಸುಳ್ಳಾಗಲಿ, ಯಾರಿಗೆ ಬೇಕು.

ನಿನ್ನ ಜಾಣತನ ಏನು ಅಂತ ಬರೆದುಬಿಡು, ಬರುವವರೆಗೆ ಕಾಯಲಾರೆ.

ಮಧು


ಹಂಗಳ
16 ನವೆಂಬರ್ 2024

ಮಧು,

ಬರೆಯುವುದು ತಡವಾಯಿತು. ಬಯಕೆ ಊಟ ಮಾಡಿದೆವು, ನೀನು ಬರಲಿಲ್ಲ. ನಿನಗೆ ಟ್ಯೂಬುಗಳೇ ನೆಂಟರು. ಕಾಯಿ ಹೋಳಿಗೆ, ಕಜ್ಜಾಯ, ಸಿಹಿ ಕಡುಬು ಎಲ್ಲ ಮಾಡಿದ್ದೆ. ನಾರ್ಮಲ್ಲು ಬಂದಿದೆಯಲ್ಲ ಅಂತ ಧೈರ್ಯವಾಗಿ ಬಡಿಸಿದೆ. ಮಾರನೇ ದಿನ ಮಡಿಲಕ್ಕಿ ತುಂಬಿ ಕುದೇರಿಗೆ, ಅವಳ ತವರಿಗೆ ಕಳಿಸಿಕೊಟ್ಟೆವು. ಚೊಚ್ಚಲು ತವರಿನಲ್ಲೇ ಆಗಬೇಕಲ್ಲ.

ಹೊಟ್ಟೆ ಭಾರಿ ದೊಡ್ಡದಾಗಿದೆ. ಸ್ಕ್ಯಾನಿಂಗ್‌ನವರೂ ಮಗು ದಪ್ಪ ಅಂದರಂತೆ. ನಿನ್ನ ತಮ್ಮ, "ಬಂಡೀಪುರದ ಆನೆಮರಿ ಕಣವ್ವ" ಅಂತ ನಗುತ್ತಾನೆ. ರತ್ನಳಿಗೆ ಯಾವಾಗಲೂ ದಾಹ. ಹೊರಡುವ ಹಿಂದಿನ ದಿನ ಒಂದು ಬಿಂದಿಗೆ ನೀರು ಅವಳೊಬ್ಬಳಿಗೇ ಆಯಿತು. ಚಳಿಗಾಲದಲ್ಲಿ ಇಷ್ಟು ದಾಹ ನಾನು ಕಂಡಿರಲಿಲ್ಲ. ಒಳಗೆ ಬೆಳೆಯುವ ಕೂಸಿಗೆ ನೀರು ಬೇಕಾಗುತ್ತದೇನೋ.

ಅವ್ವ


ಚಾಮರಾಜನಗರ
25 ನವೆಂಬರ್ 2024

ಅವ್ವ,

ನಿನ್ನ ಕಾಗದ ಈಗ ಕೈಗೆ ಬಂತು. ನಾನು ಕೊಳ್ಳೇಗಾಲದ ಕಡೆ ರಕ್ತ ಸಂಗ್ರಹಕ್ಕೆ ಹೋಗಿದ್ದೆ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕು.

ದಾಹ, ದೊಡ್ಡ ಮಗು, ಇವೆರಡೂ ನನಗೆ ಹಿಡಿಸಲಿಲ್ಲ. ಕೂಡಲೇ ಸಾಗರ್‌ಗೆ ಫೋನ್ ಮಾಡಿದೆ. "ಕಾರ್ಡಲ್ಲಿ ನಾರ್ಮಲ್ ಅಂತ ಬರ್ದವ್ರೆ ಕಣಕ್ಕ, ನೀನ್ಯಾಕೆ ಇಲ್ದುದ್ದು ತಲೆಗ್ ತುಂಬ್ತೀಯ" ಅಂದ. ಕುದೇರಿನ ನರ್ಸಿಗೂ ಮಾಡಿದೆ. ಅವರೂ ಕಾರ್ಡ್ ನೋಡಿ ಅದನ್ನೇ ಹೇಳಿದರು. ಅವರದು ತಪ್ಪಲ್ಲ, ಪರೀಕ್ಷೆ ಆಗಿದೆ, ಚೆನ್ನಾಗಿದೆ. ನನ್ನ ಕೈಯಲ್ಲಿರುವುದು ಬರೀ ಅನುಮಾನ.

ಭಾನುವಾರ ರಜೆ ಕೊಟ್ಟಿದ್ದಾರೆ. ಬೆರಳಿಗೆ ಚುಚ್ಚಿ ನೋಡುವ ಮೆಷೀನ್ ತೆಗೆದುಕೊಂಡು ನಾನೇ ಕುದೇರಿಗೆ ಹೋಗುತ್ತೇನೆ. ಅಲ್ಲಿಯವರೆಗೆ ಅವಳಿಗೆ ಸಿಹಿ ಕೊಡಬೇಡಿ ಎಂದು ಹೇಳಿ ಕಳಿಸು.

ಮಧು


ಹಂಗಳ
8 ಜನವರಿ 2025

ಮಧು,

ನೀನು ಬರುವ ಭಾನುವಾರಕ್ಕೆ ಮುಂಚಿನ ಶುಕ್ರವಾರವೇ ಹೊಟ್ಟೆಯೊಳಗೆ ಕೂಸು ಆಡುವುದು ನಿಂತಿತ್ತು. ಆಮೇಲಿನದೆಲ್ಲ ನೀನೂ ಅಲ್ಲೇ ನಿಂತು ಕಂಡಿದ್ದೀಯ. ಹೆಣ್ಣು ಕೂಸು. ಕೆನ್ನೆ ತುಂಬಿಕೊಂಡು, ತಲೆ ತುಂಬ ಕೂದಲು. ಇಷ್ಟು ಚೆಂದದ ಕೂಸನ್ನು ಅಂಗನವಾಡಿಯಲ್ಲೂ ನಾನು ಎತ್ತಿರಲಿಲ್ಲ. ಅದನ್ನು ಮಣ್ಣಿಗಿಟ್ಟು ಬಂದರು.

ಡಾಕ್ಟರಮ್ಮ ರತ್ನಳ ರಕ್ತ ನೋಡಿ, ಈ ಬಸುರಿಗೆ ಸಕ್ಕರೆ ಇತ್ತು, ಆರನೇ ತಿಂಗಳ ಪರೀಕ್ಷೆಯಲ್ಲಿ ಹೇಗೆ ಸಿಗಲಿಲ್ಲವೋ ಅಂದರು. ನೀನು ನನ್ನ ಮುಖ ನೋಡಿದೆ. ನಾನು ಬಾಯಿ ಬಿಡಲಿಲ್ಲ. ಈಗ ಬಿಡುತ್ತೇನೆ, ಇಲ್ಲದಿದ್ದರೆ ಸಾಯುತ್ತೇನೆ.

ಹೆಚ್ಚು ಸಕ್ಕರೆ ಮಗುವಿಗೆ ಹೋಗಬಾರದು ಅಂತ ನೀನು ಬರೆದಿದ್ದೆ. ಅವತ್ತು ಆಸ್ಪತ್ರೆಯಲ್ಲಿ ಆ ಗ್ಲಾಸು ನೋಡಿ ನಾನು ಹೆದರಿದೆ. ಮಗಳು ಬೇಡ ಅಂದದ್ದನ್ನೇ ಇವರು ಇಷ್ಟು ಕುಡಿಸುತ್ತಾರಲ್ಲ ಅಂತ. ರತ್ನ ಕುಡಿದು ಮುಗಿಸಿದ ಕೂಡಲೇ ಒಂದಕ್ಕೆ ಹೋಗುವ ನೆಪ ಮಾಡಿ ಆಸ್ಪತ್ರೆ ಹಿಂದಕ್ಕೆ ಕರೆದುಕೊಂಡು ಹೋದೆ. "ಗಂಟ್ಲುಗೆ ಬೆಳ್ಳಾಕಿ ಕಕ್ಬುಡು ಕಣಮ್ಮಿ, ಅಷ್ಟೂ ಕೂಸುಗ್ ಓಯ್ತದೆ" ಅಂದೆ. ಅವಳು ಕಕ್ಕಿದಳು. ಬೆನ್ನು ನೀವಿ, ಬಾಯಿ ತೊಳೆಸಿ, ಮತ್ತೆ ತಂದು ಬೆಂಚಿನ ಮೇಲೆ ಕೂರಿಸಿದೆ. ನರ್ಸಿಗೆ ಹೇಳಲಿಲ್ಲ. ನಾರ್ಮಲ್ಲು ಅಂದಾಗ ಗೆದ್ದೆ ಅಂದುಕೊಂಡೆ.

ರತ್ನ ವಾಪಸು ಹಂಗಳಕ್ಕೆ ಬಂದಿದ್ದಾಳೆ. ಬಯಕೆ ಊಟದ ಹೋಳಿಗೆ ತಿಂದದ್ದರಿಂದ ಹೀಗಾಯಿತು ಎಂದು ನಂಬಿಕೊಂಡಿದ್ದಾಳೆ. "ನಾನೇ ನಾಲಿಗೆ ರುಚಿಗೆ ತಿಂದ್ಬುಟ್ಟೆ ಅತ್ತೆ" ಅನ್ನುತ್ತಾಳೆ. ಕಾಫಿಗೂ ಸಕ್ಕರೆ ಹಾಕಿಕೊಳ್ಳುವುದಿಲ್ಲ. ನಾನು ಎದುರಿಗೇ ಕೂತಿರುತ್ತೇನೆ, ಅಲ್ಲ ಕಣವ್ವ ಅನ್ನಲು ಬಾಯಿ ಬರುವುದಿಲ್ಲ.

ಅವಳ ಚೀಲದಲ್ಲಿ ಏನಿತ್ತು, ಈಗಲಾದರೂ ಹೇಳು. ನಾನೇ ಕೊಂದೆನೇ?

ಅವ್ವ


ಚಾಮರಾಜನಗರ
19 ಜನವರಿ 2025

ಅವ್ವ,

ನಾಲ್ಕು ಸಲ ಬರೆದು ಹರಿದುಹಾಕಿದೆ.

ನಿನ್ನ ಕಾಗದದಲ್ಲಿದ್ದದ್ದನ್ನು ಮೇಡಂಗೆ ಹೇಳಿದೆ. ಹೇಳದಿದ್ದರೆ ರತ್ನ ಅವರ ಪುಸ್ತಕದಲ್ಲಿ ಸಕ್ಕರೆ ಇಲ್ಲದವಳಾಗಿಯೇ ಉಳಿಯುತ್ತಿದ್ದಳು. ಅವರು ಬೀರು ತೆಗೆದು ನೋಡಿದರು. ಎಲ್ಲಕ್ಕಿಂತ ಹೆಚ್ಚು ಇದ್ದ ಆ ನಂಬರ್ ಅವಳದೇ. ಮೂರನೇ ತಿಂಗಳಿನಲ್ಲೇ ನನ್ನ ಕೈಯಲ್ಲಿ ಅದು ಇತ್ತು. ಸುಳ್ಳಾಗಲಿ ಎಂದು ನಾನು ಕುಣಿದದ್ದೂ ಅದರ ಮೇಲೆಯೇ.

ನೀನು ಕೊಂದೆಯಾ ಅಂತ ಕೇಳಿದ್ದೀಯ. ನನಗೆ ಗೊತ್ತಿಲ್ಲ ಅವ್ವ. ಆ ನೀರು ಹೊಟ್ಟೆಯಲ್ಲಿ ಉಳಿದು ಪರೀಕ್ಷೆ ಸರಿಯಾಗಿ ಆಗಿದ್ದರೆ ಕಾಯಿಲೆ ಸಿಕ್ಕಿ ಪಥ್ಯ, ಇನ್ಸುಲಿನ್ ಎಲ್ಲ ಶುರುವಾಗುತ್ತಿತ್ತು, ಮಗು ಉಳಿಯುವ ಸಂಭವ ಬಹಳ ಇತ್ತು. ಇಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ಸಕ್ಕರೆ ಮಗುವಿಗೆ ಹೋಗಬಾರದು ಎಂದು ಅರ್ಧ ಹೇಳಿ, ಪರೀಕ್ಷೆಯ ದಿನದ ಗ್ಲೂಕೋಸ್ ನೀರಿನಿಂದ ಮಗುವಿಗೆ ಏನೂ ಆಗದು ಎಂಬ ಇನ್ನರ್ಧ ಬರೆಯದೆ ಬಿಟ್ಟವಳು ನಾನು. ಇಬ್ಬರೂ ಸೇರಿ ಮಾಡಿದ್ದು ಇದು.

ಈಗ ರತ್ನಳನ್ನು ನಮ್ಮ ಅಧ್ಯಯನದಿಂದ ತೆಗೆದುಹಾಕಿದ್ದಾರೆ. ಪರೀಕ್ಷೆ ಕೆಟ್ಟಿರುವುದರಿಂದ ಅವಳನ್ನು ಸಕ್ಕರೆ ಇದ್ದವರ ಕಡೆಗೂ ಸೇರಿಸುವಂತಿಲ್ಲ, ಇಲ್ಲದವರ ಕಡೆಗೂ ಸೇರಿಸುವಂತಿಲ್ಲ. ನಿಯಮ ಹಾಗಿದೆ. ನಾನೇ ಗೆರೆ ಎಳೆದೆ.

ರತ್ನಳಿಗೆ ಹೇಳು. ಅವಳು ತಿಂದ ಹೋಳಿಗೆಯಿಂದ ಅಲ್ಲ ಎಂದು ಅವಳಿಗೆ ಗೊತ್ತಾಗಲೇಬೇಕು. ನಾನು ಬಂದು ಹೇಳಲೇ?

ಮಧು


ಹಂಗಳ
2 ಫೆಬ್ರವರಿ 2025

ಮಧು,

ನೀನು ಬರುವುದು ಬೇಡ, ನಾನು ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಾ ಇದ್ದಳು. ನಾನು ಹೇಳಿ ಮುಗಿಸುವವರೆಗೂ ಸುಲಿಯುತ್ತಲೇ ಇದ್ದಳು. ಆಮೇಲೆ ಕಾಳನ್ನು ಒಳಗಿಟ್ಟು, ಸಿಪ್ಪೆಯನ್ನು ದನಕ್ಕೆ ಹಾಕಿ, ಕೈ ತೊಳೆದುಕೊಂಡು ಬಟ್ಟೆ ಜೋಡಿಸಿದಳು. ಬೈದಿದ್ದರೆ ಕಾಲು ಹಿಡಿದುಕೊಳ್ಳುತ್ತಿದ್ದೆ, ಬೈಯಲಿಲ್ಲ. ಸಾಗರ್ ಸಂಜೆ ಬಸ್ಸಿಗೆ ಕರೆದುಕೊಂಡು ಹೋಗಿ ಕುದೇರಿಗೆ ಬಿಟ್ಟು ಬಂದ. ಅವನೂ ನನ್ನ ಹತ್ತಿರ ಮಾತು ಕಮ್ಮಿ ಮಾಡಿದ್ದಾನೆ.

ನಾನು ಏನು ಮಾಡಲಿ ಹೇಳು. ನಿನಗೂ ಗೊತ್ತಿರಲಾರದು.

ಅವ್ವ


ಕುದೇರು
20 ಫೆಬ್ರವರಿ 2025

ಅತ್ತಿಗೆಯವರಿಗೆ ನಾಗರತ್ನ ಮಾಡುವ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನೀವು ಇಲ್ಲಿಗೆ ಮೂರು ಸಲ ಫೋನ್ ಮಾಡಿದಿರಂತೆ. ಮಾತಾಡಲು ಆಗಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನಗೆ ಕಾಗದ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಕ್ಷಮಿಸಿ.

ಅತ್ತೆ ಎಲ್ಲ ಹೇಳಿದರು. ನೀವಿಬ್ಬರೂ ನನ್ನ ವಿಷಯವಾಗಿ ಇಷ್ಟು ತಿಂಗಳು ಕಾಗದ ಬರೆದುಕೊಂಡಿರಿ ಅಂತಲೂ ಹೇಳಿದರು. ಪೋಸ್ಟ್ ಬಂದಾಗ ಎಷ್ಟೋ ಸಲ ನಾನೇ ಇಸಕೊಂಡು ಅವರ ಕೈಗೆ ಕೊಟ್ಟಿದ್ದೇನೆ. ಅವರು ಓದಿ ಮಡಿಚಿಟ್ಟುಕೊಳ್ಳುತ್ತಿದ್ದರು. ಏನು ಬರೆದಿದ್ದಾರೆ ಅಂದರೆ "ನಿಂಗ್ಯಾಕವ್ವ ಚಿಂತೆ, ನೀನು ಉಂಡ್ಕೊಂಡು ಚೆನ್ನಾಗಿರು" ಅನ್ನುತ್ತಿದ್ದರು. ನನಗೆ ಚಿಂತೆಯಾಗಬಾರದು ಅಂತ ಇಬ್ಬರೂ ನೋಡಿಕೊಂಡಿರಿ. ನಾನು ಪಿಯುಸಿ ಓದಿದ್ದೇನೆ ಅತ್ತಿಗೆ, ಹೇಳಿದ್ದರೆ ಅರ್ಥವಾಗುತ್ತಿತ್ತು.

ಅತ್ತೆ ಮೇಲೆ ನನಗೆ ಸಿಟ್ಟಿಲ್ಲ. ಕಕ್ಕು ಅಂದರು, ಕಕ್ಕಿದೆ. ನೀವು ರಕ್ತ ಕೊಡು ಅಂದಿರಿ, ಕೊಟ್ಟೆ. ನಾನಾಗಿ ಯಾವುದನ್ನೂ ಕೇಳಲಿಲ್ಲ, ಅದು ನನ್ನ ತಪ್ಪು.

ಒಂದನ್ನು ಮಾತ್ರ ನಿಮಗೆ ಹೇಳಬೇಕು ಅನ್ನಿಸಿತು. ದಸರಾ ಕಳೆದ ಮೇಲಿನಿಂದ, ನಾನು ಒಂದಕ್ಕೆ ಹೋಗಿ ಬಂದ ಜಾಗಕ್ಕೆ, ಸಕ್ಕರೆ ಚೆಲ್ಲಿದ ಹಾಗೆ, ಇರುವೆಗಳು ಮುತ್ತುತ್ತಿದ್ದವು. ಹಂಗಳದಲ್ಲೂ ಅಷ್ಟೆ, ಇಲ್ಲಿಗೆ ಬಂದ ಮೇಲೂ ಅಷ್ಟೆ. ದಿನಾ ನೋಡುತ್ತಿದ್ದೆ. ಕಾರ್ಡಿನಲ್ಲಿ ಎಲ್ಲ ಸರಿಯಾಗಿದೆ ಅಂದಿದ್ದರಲ್ಲ, ಇದನ್ನು ಹೋಗಿ ಹೇಗೆ ಹೇಳುವುದು ಅಂತ ನಾಚಿಕೆಯಾಗಿ ನೀರು ಹುಯ್ದು ಬರುತ್ತಿದ್ದೆ. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ.

ಇಂತಿ,
ನಾಗರತ್ನ